ಕಾವು ಮತ್ತು ನಾದ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಡೋಲು ನುಡಿಯುವುದಕ್ಕೆ ಮೊದಲು ಬೆಂಕಿ ಹೊತ್ತಿಕೊಳ್ಳುತ್ತದೆ. ಕೊರಗ ಸಮುದಾಯದ ವಾದಕರು ಒಣಹುಲ್ಲನ್ನೋ ತೆಂಗಿನ ಮಡಲನ್ನೋ ಉರಿಸಿ, ಡೋಲಿನ ಮುಖವನ್ನು ಅದಕ್ಕೆ ಹಿಡಿದು, ನಡುನಡುವೆ ತಟ್ಟಿ ನೋಡುತ್ತಾರೆ. ಮಂಕಾಗಿದ್ದ ದನಿ ಕ್ರಮೇಣ ಗಡುಸಾಗುತ್ತದೆ. ಕಡಲ ತೀರದ ತೇವವನ್ನು ಹೀರಿದ ತೊಗಲು ಸಡಿಲಗೊಂಡು ಭಾರವಾಗಿರುತ್ತದೆ. ಕಾವು ತಾಗಿದಾಗ ನೀರಿನಂಶ ಆರಿ, ತೊಗಲು ಕುಗ್ಗಿ ಬಿಗಿಯುತ್ತದೆ. ಬಿಗಿ ಹೆಚ್ಚಿದಂತೆ ಕಂಪನದ ವೇಗವೂ ಹೆಚ್ಚಿ ಸ್ವರ ಏರುತ್ತದೆ. ಕಾವು ಮಿತಿ ಮೀರಿತೋ, ತೊಗಲು ಬಿರಿಯುತ್ತದೆ. ಆ ಮಿತಿಯನ್ನು ಅಳೆಯಲು ಅಲ್ಲಿರುವುದು ವಾದಕನ ಕೈ ಮತ್ತು ಕಿವಿ.

ಇಲ್ಲಿ ಕಾವು ದನಿಯನ್ನು ಹದಗೊಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಕಾವೇ ದನಿಯನ್ನು ಹುಟ್ಟಿಸುವ ಸಾಧನವೂ ಉಂಟು. 1917ರಲ್ಲಿ ಅಮೆರಿಕದ ಆರ್ನಾಲ್ಡ್ ಮತ್ತು ಕ್ರ್ಯಾಂಡಲ್ ವಿವರಿಸಿದ ಥರ್ಮೋಫೋನಿನಲ್ಲಿ, ಅತಿ ತೆಳುವಾದ ಪ್ಲಾಟಿನಂ ಹಾಳೆಯ ಮೂಲಕ ವಿದ್ಯುತ್ತು ಏರಿಳಿಯುತ್ತ ಹರಿದಾಗ ಹಾಳೆ ಕ್ಷಣಕ್ಷಣಕ್ಕೂ ಕಾದು ಆರುತ್ತಿತ್ತು. ಅದರ ಸುತ್ತಲಿನ ಗಾಳಿ ಹಿಗ್ಗಿ ಕುಗ್ಗಿ ಶಬ್ದದ ಅಲೆಗಳಾಗುತ್ತಿದ್ದವು. ಹಾಳೆ ಅಲುಗಬೇಕಾದ ಅಗತ್ಯವೇ ಇರಲಿಲ್ಲ. ದಪ್ಪ ತಗಡು ಇದಕ್ಕೆ ಸಲ್ಲದು. ಅದು ಕಾಯುವುದೂ ನಿಧಾನ, ಆರುವುದೂ ನಿಧಾನ. 2008ರಲ್ಲಿ ಚೀನಾದ ಛಿಂಗ್‌ಹ್ವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಗಾಲದ ನ್ಯಾನೋ ಕೊಳವೆಗಳ ಪೊರೆಯಿಂದ ಇದೇ ಬಗೆಯಲ್ಲಿ ಶಬ್ದ ಹೊರಡಿಸಿದರು. ಬಾಗಿಸಿದರೂ ಎಳೆದರೂ ಪೊರೆ ನುಡಿಯಿತು. (ವಿದ್ಯುತ್ತಿನ ಬಹುಪಾಲು ಬರಿಯ ಬಿಸಿಯಾಗಿ ಪೋಲಾಗುತ್ತದೆಂಬುದು ಬೇರೆ ಮಾತು.)

ಪೊರೆಯ ಪ್ರಯೋಗವನ್ನು ವಿದ್ಯೆಯೆಂದು ಗೌರವಿಸುವ ಸಮಾಜ, ಡೋಲು ಕಾಯಿಸುವುದನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡೋಲು ಹಿಡಿದವರ ಬಗೆಗಿದ್ದ ತಾತ್ಸಾರವೇ ಇದರ ಮೂಲ. ಅಜಲು ಎಂಬ ಪದ್ಧತಿ ಕೊರಗರನ್ನು ಕೂಲಿಯಿಲ್ಲದೆ ದುಡಿಸಿತು. ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸಿತು. ಡೋಲು ಬಾರಿಸುವುದೂ ಕಡ್ಡಾಯದ ಊಳಿಗವಾಯಿತು. ಕರ್ನಾಟಕದಲ್ಲಿ 2000ದ ಅಧಿನಿಯಮ ಅಜಲನ್ನು ನಿಷೇಧಿಸಿತು. ಡೋಲನ್ನು ಅವಮಾನದ ಗುರುತೆಂದು ಕೆಳಗಿಟ್ಟವರಿದ್ದಾರೆ. ತಮ್ಮ ಕಲೆಯೆಂದು ವೇದಿಕೆಗೆ ತಂದವರೂ ಇದ್ದಾರೆ. ಎರಡೂ ಅವರ ಹಕ್ಕು. ಡೋಲನ್ನು ಉಳಿಸಿರೆಂದು ಹೊರಗಿನವರು ಒತ್ತಾಯಿಸಿದರೆ ಅದು ಮತ್ತೊಂದು ಅಜಲೇ ಆದೀತು. ಆದರೆ ಶಾಲೆಯಲ್ಲಿ ಶಬ್ದದ ಪಾಠ ನಡೆಯುವ ದಿನ, ಒಪ್ಪಿ ಬರುವ ವಾದಕರೊಬ್ಬರನ್ನು ತಕ್ಕ ಸಂಭಾವನೆಯಿತ್ತು ಕರೆಸಲು ಅಡ್ಡಿಯೇನು? ಅಂದಿನ ಮಟ್ಟಿಗೆ ಅಧ್ಯಾಪಕರ ಕುರ್ಚಿ ಅವರದಾಗಬೇಕು. ತೊಗಲು ಎಷ್ಟು ಕಾದರೆ ಸಾಕೆಂದು ವಿದ್ಯಾರ್ಥಿಗಳು ಅವರನ್ನೇ ಕೇಳಬೇಕು.