ಕಾಣೆಯಾದ ವೈಮಾನಿಕರು

ಮಂಡ್ಯದ ಗದ್ದೆಬಯಲಿನ ಮೇಲೆ ವಿಮಾನವೊಂದು ಮೊರೆಯುತ್ತ ಸಾಗಿದರೆ ಮಕ್ಕಳು ತಲೆಯೆತ್ತಿ ಕೈಬೀಸುವರು. ಅದನ್ನು ನಡೆಸುವವರೂ ಯಾವುದೋ ಮನೆಯ ಮಕ್ಕಳೆಂಬುದನ್ನು ನಾವು ನೆನೆಯುವುದು ವಿರಳ.

2007ನೆಯ ಸೆಪ್ಟೆಂಬರ್ 3ರಂದು ಅಮೆರಿಕದ ಸಾಹಸಿ ಸ್ಟೀವ್ ಫಾಸೆಟ್ಟರು ನೆವಾಡದಿಂದ ಒಬ್ಬರೇ ವಿಮಾನವೇರಿ ಹೋದವರು ಹಿಂದಿರುಗಲಿಲ್ಲ. ಆ ದೇಶದಲ್ಲಿ 1941ರಲ್ಲಿ ಹುಟ್ಟಿದ ಸಿವಿಲ್ ಏರ್ ಪೆಟ್ರೋಲ್ ಎಂಬ ಸ್ವಯಂಸೇವಕ ದಳವುಂಟು. ಅದರ ವೈಮಾನಿಕರು ವಾರಗಟ್ಟಲೆ ಬೆಟ್ಟಕಣಿವೆಗಳನ್ನು ಶೋಧಿಸಿದರು. ಸಾವಿರಾರು ಜನರು ಮನೆಯಲ್ಲಿಯೇ ಕುಳಿತು ಉಪಗ್ರಹಚಿತ್ರಗಳನ್ನು ಪರೀಕ್ಷಿಸಿದರು. ಫಲವಾಗಲಿಲ್ಲ. ಮರುವರ್ಷ ಕ್ಯಾಲಿಫೋರ್ನಿಯದ ಬೆಟ್ಟದಲ್ಲಿ ಕಾಲುನಡೆಯ ಪಥಿಕನೊಬ್ಬನಿಗೆ ಅವರ ಗುರುತುಚೀಟಿಗಳು ಸಿಕ್ಕಿದುವು. ಅದೇ ಜಾಡಿನಲ್ಲಿ ವಿಮಾನದ ಅವಶೇಷವೂ ದೊರೆಯಿತು. ಆಕಾಶಕ್ಕೆ ಕಾಣದುದು ನೆಲದವನಿಗೆ ಕಂಡಿತು.

ನಮ್ಮ ನೆರೆಯ ಚಾಮರಾಜನಗರದ ಬಳಿ 2023ನೆಯ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಿತು. ವೈಮಾನಿಕರಿಬ್ಬರೂ ಪ್ಯಾರಾಚೂಟಿನಿಂದಿಳಿದು ಬದುಕಿದರು, ಅವರಲ್ಲೊಬ್ಬರು ಹೆಣ್ಣುಮಗಳು. ನೆರವಿಗೆ ಓಡಿದವರು ಹಳ್ಳಿಯ ಜನರೇ.

ಅಂಥ ಹೊತ್ತು ಮದ್ದೂರು ಮಳವಳ್ಳಿಗಳ ಬಯಲಿಗೂ ಬಂದೀತು. ಆಗ ಗೃಹಸ್ಥರು ತಡಮಾಡದೆ 112ಕ್ಕೆ ಸುದ್ದಿ ಮುಟ್ಟಿಸಬೇಕು. ವಿಮಾನ ಕಂಡ ಹೊತ್ತು, ಹೋದ ದಿಕ್ಕು, ಹೊಗೆಯೆದ್ದ ಸ್ಥಳ ಇವನ್ನು ಸ್ಪಷ್ಟವಾಗಿ ತಿಳಿಸಬೇಕು. ಬೆನ್ನೆಲುಬಿಗೆ ಪೆಟ್ಟಾಗಿರಬಹುದಾದುದರಿಂದ, ಬಿದ್ದವರನ್ನು ಎತ್ತಿ ಕೂರಿಸದೆ ಅಲುಗಿಸದೆ ಧೈರ್ಯ ಹೇಳುತ್ತ ಬಳಿಯಲ್ಲಿರಬೇಕು. ಮುರಿದ ವಿಮಾನದ ಹತ್ತಿರಕ್ಕೆ ಮಕ್ಕಳನ್ನು ಬಿಡಲಾಗದು. ದೂರದ ಮನೆಯೊಂದರಲ್ಲಿ ಬಾಗಿಲನ್ನೇ ನೋಡುತ್ತ ಕುಳಿತ ತಾಯಿಗೆ ನಾವು ಮಾಡಬಹುದಾದ ಉಪಕಾರ ಇಷ್ಟೇ, ಇದು ಸಣ್ಣದಲ್ಲ.