ಕಂಪ್ಯೂಟರಿನ ಕೀಲಿಕೈ ಯಾರ ಬಳಿ ಇದೆ?

ದುರ್ಗದಬೈಲಿನ ಯಾವ ವ್ಯಾಪಾರಿಯೂ ರಾತ್ರಿ ಶಟರ್ ಎಳೆದ ಬಳಿಕ ಅಂಗಡಿಯ ಕೀಲಿಕೈಯನ್ನು ದಾರಿಹೋಕನಿಗೆ ಕೊಟ್ಟು ಮನೆಗೆ ಹೋಗುವುದಿಲ್ಲ. ಆದರೆ ಅದೇ ವ್ಯಾಪಾರಿ ಮನೆಗೆ ಕಂಪ್ಯೂಟರ್ ಕೊಂಡೊಯ್ಯುವಾಗ ಅದರ ಪಾಸ್‌ವರ್ಡ್ ಏನು, ಅದು ಯಾರ ಇಮೇಲ್ ವಿಳಾಸಕ್ಕೆ ಜೋಡಣೆಯಾಗಿದೆ, ಯಾರ ಮೊಬೈಲ್ ಸಂಖ್ಯೆಯನ್ನು ಅದಕ್ಕೆ ಕೊಡಲಾಗಿದೆ ಎಂದು ವಿಚಾರಿಸುವುದು ಅಪರೂಪ. ಮಗಳ ವಿದ್ಯಾರ್ಥಿವೇತನದ ದಾಖಲೆ, ಅಂಗಡಿಯ ಜಿಎಸ್‌ಟಿ ಲೆಕ್ಕ, ಆಸ್ತಿಪತ್ರದ ಸ್ಕ್ಯಾನ್ ಪ್ರತಿ, ಅಗಲಿದ ಹಿರಿಯರ ಭಾವಚಿತ್ರ ಎಲ್ಲವೂ ಆ ಯಂತ್ರದೊಳಗೆ ಸೇರುತ್ತವೆ. ಒಂದು ದಿನ ಪರದೆಯ ಮೇಲೆ 'ಪಾಸ್‌ವರ್ಡ್ ತಪ್ಪಾಗಿದೆ' ಎಂಬ ಸಂದೇಶ ಮೂಡಿದಾಗಲೇ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ.

ಆಗ ಸುಲಭವಾಗಿ ದೊರೆಯುವ ಸಲಹೆಯೆಂದರೆ 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬುದು. ನೆಗಡಿ ಬಂತೆಂದು ಮೂಗು ಕೊಯ್ಯಿಸಿಕೊಂಡಂತಹ ಚಿಕಿತ್ಸೆಯಿದು. ಯಂತ್ರವೇನೋ ತೆರೆದುಕೊಳ್ಳುತ್ತದೆ, ಆದರೆ ಅದರೊಳಗಿದ್ದ ವರ್ಷಗಳ ಸಂಗ್ರಹ ಅಳಿಸಿಹೋಗಿರುತ್ತದೆ. ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ಬೀಗ ಏಕೆ ತೆರೆಯುತ್ತಿಲ್ಲ ಎಂಬುದನ್ನು ಮನೆಯಲ್ಲೇ ಪರಿಶೀಲಿಸಬೇಕು.

ಹಲವು ಸಲ ಕಾರಣ ಅತ್ಯಂತ ಸಣ್ಣದಾಗಿರುತ್ತದೆ. ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೆ ಅಕ್ಷರಗಳೆಲ್ಲ ದೊಡ್ಡಕ್ಷರಗಳಾಗಿ ಪಾಸ್‌ವರ್ಡ್ ಬದಲಾಗುತ್ತದೆ. ನಮ್ ಲಾಕ್ ಆರಿದ್ದರೆ ಕೀಲಿಮಣೆಯ ಬಲಬದಿಯ ಅಂಕಿಗಳು ಮೂಡುವುದೇ ಇಲ್ಲ. ಕನ್ನಡದಲ್ಲೋ ಉರ್ದುವಿನಲ್ಲೋ ಬೆರಳಚ್ಚು ಮಾಡುವ ಮನೆಗಳಲ್ಲಿ ಕೀಲಿಮಣೆಯ ಭಾಷೆ ಬದಲಾಗಿರುವ ಸಾಧ್ಯತೆಯೂ ಉಂಟು. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಭಾಷೆಯ ಗುರುತನ್ನು ನೋಡಿ, ಅಗತ್ಯವಿದ್ದರೆ ಇಂಗ್ಲಿಷಿಗೆ ಮರಳಿಸಬೇಕು. ಪಾಸ್‌ವರ್ಡ್ ಬರೆಯುವ ಜಾಗದ ತುದಿಯಲ್ಲಿರುವ ಕಣ್ಣಿನ ಗುರುತನ್ನು ಒತ್ತಿದರೆ ನಾವು ಬರೆದದ್ದು ಕಾಣುತ್ತದೆ. ಇನ್ನು ಕೆಲವೊಮ್ಮೆ ಒಳಗೆ ಪ್ರವೇಶ ದೊರೆತರೂ ಕಡತಗಳೆಲ್ಲ ಮಾಯವಾದಂತೆ ತೋರುತ್ತದೆ. ವಿಂಡೋಸ್ ತಾತ್ಕಾಲಿಕ ಖಾತೆಯೊಂದನ್ನು ತೆರೆದಿದ್ದರೆ ಹೀಗಾಗುವುದುಂಟು. ಹಳೆಯ ಕಡತಗಳು ಸಾಮಾನ್ಯವಾಗಿ ಸ್ವಸ್ಥಾನದಲ್ಲೇ ಇರುತ್ತವೆ. ಆದರೆ ಆ ತಾತ್ಕಾಲಿಕ ಖಾತೆಯಲ್ಲಿ ಹೊಸದಾಗಿ ಮಾಡಿದ ಕೆಲಸ ಹೊರಬಂದೊಡನೆ ಅಳಿಯುತ್ತದೆ. ಗಾಬರಿಗೊಳ್ಳದೆ ಯಂತ್ರವನ್ನು ಮತ್ತೆ ಚಾಲೂ ಮಾಡಿ ನೋಡುವುದು ಮೊದಲ ಕೆಲಸ.

ಪಾಸ್‌ವರ್ಡ್ ನಿಜಕ್ಕೂ ಮರೆತುಹೋಗಿದ್ದರೆ ಖಾತೆ ಯಾವ ಬಗೆಯದು ಎಂಬುದು ಮುಖ್ಯವಾಗುತ್ತದೆ. ಆ ಯಂತ್ರಕ್ಕಷ್ಟೇ ಸೀಮಿತವಾದ ಸ್ಥಳೀಯ ಖಾತೆಯಾದರೆ, ಮೊದಲೇ ಬರೆದಿಟ್ಟ ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿ ಹೊಸದನ್ನು ಪಡೆಯಬಹುದು. 2018ರಿಂದ ವಿಂಡೋಸ್ 10ರಲ್ಲಿ ಈ ಸೌಲಭ್ಯ ಬಂದಿದೆ. ಮೈಕ್ರೋಸಾಫ್ಟ್ ಖಾತೆಯಾದರೆ ಮೊಬೈಲಿನಿಂದಲೇ ಪಾಸ್‌ವರ್ಡ್ ಬದಲಿಸಲು ಸಾಧ್ಯ. ಆದರೆ ಅದರ ಸಂಕೇತ ಸಂಖ್ಯೆ ಬರುವುದು ನೋಂದಾಯಿಸಿದ ಮೊಬೈಲಿಗೆ ಅಥವಾ ಇಮೇಲಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತುಹೋಗಿದ್ದರೆ ಏನು ಗತಿ? ಖಾತೆ ತೆರೆದುಕೊಟ್ಟ ಮಗ ಗಲ್ಫಿನಲ್ಲಿದ್ದು, ಊರಿನ ಸಂಖ್ಯೆಯನ್ನು ಬಿಟ್ಟಿದ್ದರೆ? ಹಳೆಯ ಭದ್ರತಾ ವಿವರಗಳನ್ನೆಲ್ಲ ಬದಲಿಸಬೇಕಾಗಿ ಬಂದರೆ ಕಂಪೆನಿ 30 ದಿನ ಕಾಯಿಸುತ್ತದೆ. ಅರ್ಜಿಯ ಕೊನೆಯ ದಿನಾಂಕ ಯಾರಿಗಾಗಿಯೂ 30 ದಿನ ಕಾಯುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗುವುದುಂಟು. ಯಂತ್ರದ ಭಾಗವೊಂದನ್ನು ಬದಲಿಸಿದಾಗಲೋ, ಪ್ರಧಾನ ತಂತ್ರಾಂಶ ನವೀಕರಣಗೊಂಡಾಗಲೋ ಅದು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಆ ಕೀಲಿ ಸಂಗ್ರಹವಾಗಿರುವುದು ಯಂತ್ರವನ್ನು ಮೊದಲು ಸಜ್ಜುಗೊಳಿಸಿದವರ ಖಾತೆಯಲ್ಲಿ. ಮಾರಿದವನು ಕೆಲಸ ಬೇಗ ಮುಗಿಯಲೆಂದು ತನ್ನದೇ ಇಮೇಲ್ ಹಾಕಿದ್ದರೆ ಮನೆಯ ಕೀಲಿಕೈ ಅವನ ಬಳಿ ಉಳಿದಂತಾಯಿತು. ಅದು ಸಿಗದಿದ್ದರೆ ಕಡತಗಳನ್ನು ಮರಳಿ ಕೊಡಲು ಸ್ವತಃ ಮೈಕ್ರೋಸಾಫ್ಟಿಗೂ ಸಾಧ್ಯವಿಲ್ಲ.

ಕೀಲಿಯ ಲೆಕ್ಕವಿಡದವರು ಸಾಮಾನ್ಯ ಮನೆಯವರು ಮಾತ್ರವೇ ಎಂದರೆ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ದೋಷಪೂರ್ಣ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧಗೊಂಡವು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಲಾಯಿತು. ಆಗ ಯಂತ್ರಗಳನ್ನು ಸರಿಪಡಿಸಹೊರಟ ಅನೇಕ ತಂತ್ರಜ್ಞರಿಗೆ ಎದುರಾದ ಅಡ್ಡಿ ಇದೇ ಬಿಟ್‌ಲಾಕರ್ ಕೀಲಿ. ಅದನ್ನು ಬೇರೆಡೆ ಬರೆದಿಟ್ಟವರು ಬೇಗ ಪಾರಾದರು.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯನ್ನೂ ಪ್ರಶ್ನಿಸಬೇಕಾಗಿದೆ. ಅನೇಕ ಮನೆಗಳಲ್ಲಿ ಕಂಪ್ಯೂಟರಿನ ಖಾತೆ ಇರುವುದು ಹಿರಿಯ ಮಗನ ಹೆಸರಿನಲ್ಲಿ ಮಾತ್ರ. ಕಾಲೇಜಿಗೆ ಹೋಗುವ ಮಗಳು ಅಣ್ಣನ ಅನುಕೂಲಕ್ಕೆ ಕಾದು, ಅವನ ಹೆಸರಿನಡಿಯಲ್ಲೇ ತನ್ನ ಕೆಲಸ ಮಾಡಬೇಕು. ಅವನು ಪಾಸ್‌ವರ್ಡ್ ಬದಲಿಸಿದರೆ ಅವಳ ಓದೂ ನಿಲ್ಲುತ್ತದೆ. ತಾಯಿಗಂತೂ ಆ ಯಂತ್ರದಲ್ಲಿ ಹೆಸರೇ ಇಲ್ಲ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದ ಉದ್ದೇಶವಾದರೂ ಏನು? 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೋ ಕೋರ್ಬಾಟೋ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ರೂಪಿಸಿದಾಗ, ಪ್ರತಿಯೊಬ್ಬರ ಕಡತ ಪ್ರತ್ಯೇಕವಾಗಿ ಉಳಿಯಲೆಂದು ಪಾಸ್‌ವರ್ಡನ್ನು ಅಳವಡಿಸಿದರು. ಒಬ್ಬನನ್ನು ಒಡೆಯನನ್ನಾಗಿಸಿ ಉಳಿದವರನ್ನು ಹೊರಗಿಡಲು ಹುಟ್ಟಿದ ಬೀಗವಲ್ಲ ಅದು.

ಆದುದರಿಂದ ಮನೆಯ ಪ್ರತಿಯೊಬ್ಬ ಬಳಕೆದಾರರಿಗೂ ಸ್ವಂತ ಖಾತೆಯಿರಲಿ. ವಿಂಡೋಸ್ ಇದಕ್ಕೆ ಹೆಚ್ಚುವರಿ ಹಣ ಕೇಳುವುದಿಲ್ಲ. ಯಂತ್ರ ಕೊಳ್ಳುವಾಗಲೇ ಸ್ವಂತ ಇಮೇಲ್ ಮತ್ತು ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಕೊಡೋಣ. 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು, ಆಸ್ತಿಪತ್ರ ಇಡುವ ಕಪಾಟಿನಲ್ಲೇ ಇಡೋಣ. ಅದು ಎಲ್ಲಿದೆಯೆಂದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಲಿ. ಮುಖ್ಯ ಕಡತಗಳ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಪರದೆಯ ಮೇಲೆ ಮೂಡಿದ ಯಾವುದೋ ಸಹಾಯವಾಣಿಗೆ ಕರೆಮಾಡಿ ಸಂಕೇತ ಸಂಖ್ಯೆ ಒಪ್ಪಿಸುವುದು ಬೇಡ. ವಂಚನೆಯಾಗಿ ಹಣ ಹೋದರೆ ಕೂಡಲೇ 1930ಕ್ಕೆ ದೂರು ನೀಡಬೇಕು. ರಿಪೇರಿಗೆ ಕೊಡಲೇಬೇಕಾದರೆ 'ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಕೂಡದು' ಎಂದು ರಸೀದಿಯಲ್ಲೇ ಬರೆಸೋಣ.

ಮಕ್ಕಳ ಕೈಗೆ ಕಂಪ್ಯೂಟರ್ ಕೊಡಿಸಲು ತಂದೆತಾಯಂದಿರು ಸಾಲ ಮಾಡುತ್ತಿದ್ದಾರೆ. ಅಷ್ಟು ಕಷ್ಟಪಟ್ಟು ತಂದ ವಸ್ತುವಿನ ಕೀಲಿಕೈಯನ್ನೂ ಕೇಳಿ ಪಡೆಯುವ ಎಚ್ಚರ ನಮ್ಮಲ್ಲಿ ಮೂಡಬೇಕು.