ಕಾಳೂ ಹೊಟ್ಟೂ

ಒಂದು ಕಾಲಕ್ಕೆ ಗೃಹಸ್ಥನ ಬಾಗಿಲಿಗೆ ಬರುತ್ತಿದ್ದ ಬೇಡದ ಕಾಗದವೆಂದರೆ, ‘ಇದನ್ನು ಓದಿದವರು ಇಪ್ಪತ್ತೊಂದು ಮಂದಿಗೆ ಬರೆದು ಕಳುಹಿಸದಿದ್ದರೆ ಕೇಡು ತಪ್ಪದು’ ಎಂದು ಬೆದರಿಸುವ ಕಾರ್ಡು. ಅದಕ್ಕಾದರೂ ಕಳುಹಿಸುವವನು ಕಾರ್ಡಿನ ಬೆಲೆ ತೆರಬೇಕಿತ್ತು. ಕೈ ನೋಯುವಷ್ಟು ಬರೆಯಬೇಕಿತ್ತು. ಮಿಂಚಂಚೆಯಲ್ಲಿ ಈ ಎರಡು ಕಷ್ಟಗಳೂ ಇಲ್ಲ. ಲಕ್ಷ ಮಂದಿಗೆ ಕಳುಹಿಸುವ ವೆಚ್ಚವೂ ಅತ್ಯಲ್ಪ. ಅವರಲ್ಲಿ ನಾಲ್ವರು ಮರುಳಾದರೂ ಕಳುಹಿಸಿದವನಿಗೆ ಲಾಭವೇ. ‘ಸ್ಪ್ಯಾಮ್’ ಎಂಬ ಪಿಡುಗಿನ ಬೇರು ಇರುವುದು ಇಲ್ಲಿ.

ಆ ಹೆಸರಿನ ಹುಟ್ಟು ವಿನೋದಕರವಾದುದು. ಸ್ಪ್ಯಾಮ್ ಎಂಬುದು 1937ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಡಬ್ಬಿಯ ಮಾಂಸ. ಯಾವ ತಿನಿಸನ್ನು ಕೇಳಿದರೂ ಇದೇ ಬೆರೆತು ಬರುವ ಹೋಟೆಲೊಂದನ್ನು 1970ರಲ್ಲಿ ಬ್ರಿಟಿಷ್ ಟೆಲಿವಿಷನ್ನಿನ ಹಾಸ್ಯತಂಡವೊಂದು ತೋರಿಸಿ ನಗಿಸಿತು. ಬೇಡವೆಂದರೂ ಎಲೆಗೆ ಬೀಳುವ ಪತ್ರಗಳಿಗೆ ಮುಂದೆ ಅದೇ ಹೆಸರು ನಿಂತಿತು. ಹಾವಳಿಯೂ ಹೊಸದಲ್ಲ. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ರವಾನಿಸಿ ಬೈಸಿಕೊಂಡ. ಎರಡು ವರ್ಷಗಳಲ್ಲಿ ಈ ಕಂಟಕ ನೀಗುವುದೆಂದು 2004ರಲ್ಲಿ ಬಿಲ್ ಗೇಟ್ಸ್ ಭವಿಷ್ಯ ನುಡಿದರು. ನೀಗಲಿಲ್ಲ.

ವಿಳಾಸವೆಂಬುದು ಒಮ್ಮೆ ಕೈಬಿಟ್ಟರೆ ಮರಳಿ ಬಾರದು. ಬಟ್ಟೆ ಅಂಗಡಿಯ ಅದೃಷ್ಟದ ಚೀಟಿಯಲ್ಲಿ ಬರೆದುಕೊಟ್ಟದ್ದು ಯಾರ ಕೈಯಿಂದ ಯಾರ ಕೈಗೆ ಮಾರಾಟವಾದೀತೋ! ಆದುದರಿಂದ ವಿವೇಕಿಗಳು ಬಂಧುಗಳಿಗೂ ಬ್ಯಾಂಕಿಗೂ ಒಂದು ವಿಳಾಸವನ್ನು, ಅಂಗಡಿ ಮುಂಗಟ್ಟುಗಳಿಗೆ ಇನ್ನೊಂದನ್ನು ಇಟ್ಟುಕೊಳ್ಳುತ್ತಾರೆ. ಅಪರಿಚಿತನಿಗೆ ‘ಇನ್ನು ಕಳುಹಿಸಬೇಡಿ’ ಎಂದು ಉತ್ತರಿಸುವುದು, ಮನೆಯಲ್ಲಿ ಜನರಿದ್ದಾರೆಂದು ಕಳ್ಳನಿಗೆ ಕೂಗಿ ಹೇಳಿದಂತೆ—ಈ ಕಳ್ಳನಿಗೆ ಬೇಕಾದುದೇ ಜನರಿರುವ ಮನೆ! ಪತ್ರದೊಳಗಿನ ಚಿತ್ರವೂ ಅದೇ ಸುದ್ದಿಯನ್ನು ಅವನಿಗೆ ಮುಟ್ಟಿಸಬಲ್ಲದು. ಚಿತ್ರಗಳು ತಾವಾಗಿಯೇ ತೆರೆಯದಂತೆ ಸೆಟ್ಟಿಂಗ್ ಮಾಡಿಡುವುದು ಲೇಸು. ಹೆಸರಾಂತ ಸಂಸ್ಥೆಗಳ ಮಾತು ಬೇರೆ. ಅವುಗಳ ಜಾಹೀರಾತುಗಳನ್ನು ‘ಅನ್‌ಸಬ್‌ಸ್ಕ್ರೈಬ್’ ಒತ್ತಿ ನಿಲ್ಲಿಸಬಹುದು.

ಇಷ್ಟಾದರೂ ಒಳನುಗ್ಗುವುದನ್ನು ಬೇರ್ಪಡಿಸಲು ಮೊರವೊಂದು ಬೇಕು. ಪಾಲ್ ಗ್ರಹಾಂ ಎಂಬ ಅಮೆರಿಕನ್ 2002ರಲ್ಲಿ ವಿವರಿಸಿದ ವಿಧಾನ ಸೊಗಸಾದುದು. ಹಳೆಯ ಕೆಟ್ಟ ಪತ್ರಗಳಲ್ಲಿ ಯಾವ ಪದ ಎಷ್ಟು ಸಾರಿ ಬಂದಿದೆ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಾರಿ ಬಂದಿದೆ ಎಂದು ಯಂತ್ರ ಎಣಿಸುತ್ತದೆ. ಹೊಸ ಪತ್ರದ 15 ಗಮನಾರ್ಹ ಪದಗಳನ್ನು ಆ ಲೆಕ್ಕದೊಡನೆ ತೂಗಿ ನೋಡುತ್ತದೆ. ಒಳ್ಳೆಯ ಪತ್ರಗಳ ಎಣಿಕೆಯನ್ನು ಮಾತ್ರ ಗ್ರಹಾಂ ಇಮ್ಮಡಿಗೊಳಿಸಿದ. ಹೊಟ್ಟು ಉಳಿದರೆ ಆರಿಸಿ ಎಸೆಯಬಹುದು, ಕಾಳು ಹಾರಿಹೋದರೆ ನಷ್ಟವೆಂದು ಆತ ಬಲ್ಲ. ಇಂದಿನ ಮೊರಗಳು ಇನ್ನೂ ಚತುರ. ಆದರೂ ಕಾಳು ಹಾರುವುದುಂಟು.

ಮೈಸೂರಿನ ಮನೆಯೊಂದರಲ್ಲಿ ಹಾಗೆಯೇ ಆಯಿತು. ಎಂ.ಎ. ಮುಗಿಸಿದ ಹುಡುಗಿ ಧಾರವಾಡದ ಕಾಲೇಜೊಂದರಿಂದ ಸಂದರ್ಶನದ ಕರೆಯನ್ನು ಎದುರುನೋಡುತ್ತಿದ್ದಳು. ದಿನಕ್ಕೆ ಹತ್ತು ಸಲ ಮೊಬೈಲನ್ನು ನೋಡುವಳು. ಮುಖ ಬಾಡಿಸಿಕೊಂಡು ಕೆಳಗಿಡುವಳು. ನಿವೃತ್ತ ಹೆಡ್‌ಮಾಸ್ತರರಾದ ತಾತನೇ ಕಡೆಗೆ ಕೇಳಿದರು:

“ಕಸ ಬೀಳುವ ಆ ಫೋಲ್ಡರನ್ನು ನೋಡಿದೆಯೇನಮ್ಮ?”

“ಅದನ್ನು ತೆರೆಯಲೇಬೇಡ ಎಂದವರು ನೀವೇ ಅಲ್ಲವೇ, ತಾತ?”

“ಅದರಲ್ಲಿರುವುದನ್ನು ಒತ್ತಬೇಡ ಎಂದೆ. ನೋಡಬೇಡ ಎಂದೆನೇ?”

ಲಾಟರಿಯ ಕೋಟಿ ರೂಪಾಯಿಗೂ ತಲೆಗೂದಲಿನ ದಿವ್ಯ ತೈಲಕ್ಕೂ ನಡುವೆ ಆ ಪತ್ರವಿತ್ತು. ಪರಿಚಯವಿಲ್ಲದ ವಿಳಾಸದಿಂದ ನೂರಾರು ಅಭ್ಯರ್ಥಿಗಳಿಗೆ ಒಟ್ಟಿಗೇ ಹೊರಟದ್ದು. ಯಂತ್ರ ಸಂಶಯಪಟ್ಟದ್ದು ಅದರ ತಪ್ಪೆನ್ನಲಾಗದು. ಬಂದು ಒಂಬತ್ತು ದಿನಗಳಾಗಿದ್ದವು. ಜಿಮೇಲಿನಲ್ಲಿ ಹೀಗೆ ಬಿದ್ದ ಪತ್ರ 30 ದಿನಗಳಾದ ಮೇಲೆ ತಾನಾಗಿಯೇ ಅಳಿದುಹೋಗುತ್ತದೆ. ಆದರೆ ಇಲ್ಲಿ ಅಷ್ಟು ದಿನಗಳ ಅವಕಾಶವೂ ಇರಲಿಲ್ಲ. ಸಂದರ್ಶನ ಮರುದಿನ ಮಧ್ಯಾಹ್ನಕ್ಕೆ.

ಹುಡುಗಿ ನಡುಗುವ ಬೆರಳಿನಿಂದ ‘ಸ್ಪ್ಯಾಮ್ ಅಲ್ಲ’ ಎಂಬುದನ್ನು ಒತ್ತಿದಳು. ತಾತ ಆಗಲೇ ಅಟ್ಟದ ಮೇಲಿನ ಸೂಟ್‌ಕೇಸಿಗೆ ಕೈಚಾಚುತ್ತಿದ್ದರು.

“ರಾತ್ರಿಯ ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ಅಂಕಪಟ್ಟಿ ಎಲ್ಲಿಟ್ಟಿದ್ದೀಯೆ, ಹೇಳು.”